ಟಿವಿ ಸುದ್ದಿ ಬಿಟ್ಟು ಇಟಗಿ ಗುಡಿಗೆ ಹೋಗಿ ಕೂರುತ್ತಿದ್ದೇನೆ. ಇದು ಓಡಿಹೋಗೋದಾ?

ಇಟಗಿ ದಾರಿ (ಕೊಪ್ಪಳ):

ಕಳೆದ ಚುನಾವಣೆ ಮುಗಿದ ಮೇಲೆ ನಮ್ಮ ಮನೆಯಲ್ಲಿ ಟಿವಿ ಸುದ್ದಿ ಬಂದ್. ಬಂದ್ ಮಾಡಿದವನು ನಾನೇ. ಹದಿನೆಂಟು ವರ್ಷ ಒಬ್ಬರ ಹಿಂದೆ ಕರಪತ್ರ ಹಿಡಿದು ತಿರುಗಿದ್ದೇನೆ. ಬೂತ್ ಏಜೆಂಟ್ ಆಗಿ ಕೂತಿದ್ದೇನೆ, ಸ್ವಂತ ಪೆಟ್ರೋಲ್ ಹಾಕಿಸಿಕೊಂಡು ಹಳ್ಳಿ ಹಳ್ಳಿ ಸುತ್ತಿದ್ದೇನೆ. ಆಮೇಲೆ ಒಂದು ದಿನ ಅವರು ಪಕ್ಷ ಬದಲಿಸಿದರು. ಯಾಕೆ ಅಂತ ಕೇಳೋಣ ಎಂದು ಮನೆಗೆ ಹೋದರೆ ಗೇಟಿನಲ್ಲಿದ್ದ ಹುಡುಗ ಕೇಳಿದ, 'ಯಾವೂರು? ಏನ್ ಕೆಲಸ?' ನಾನು ವಾಪಸ್ ಬಂದೆ. ಸಿಟ್ಟೂ ಬರಲಿಲ್ಲ, ನೋಡಿ. ಅದೇ ಬೇಜಾರು.

ಅವತ್ತಿನಿಂದ ಭಾನುವಾರ ಬೆಳಿಗ್ಗೆ ಬೈಕ್ ತೆಗೆದುಕೊಂಡು ಕುಕನೂರಿನ ಕಡೆ ಹೊರಡುತ್ತೇನೆ. ಅಲ್ಲಿ ಒಂದು ಪ್ಲೇಟ್ ಒಗ್ಗರಣೆ, ಎರಡು ಮಿರ್ಚಿ. ನವಲಿಂಗ ಗುಡಿಗೆ ಒಂದು ಸುತ್ತು. ಆಮೇಲೆ ಇಟಗಿ.

ಮಹಾದೇವ ಗುಡಿ ನೋಡದವರಿಗೆ ಹೇಳುತ್ತೇನೆ. 1112ರಲ್ಲಿ ಕಟ್ಟಿದ್ದು. ಕಟ್ಟಿಸಿದವನು ಕಲ್ಯಾಣ ಚಾಲುಕ್ಯರ ಆರನೇ ವಿಕ್ರಮಾದಿತ್ಯನ ದಂಡನಾಯಕ, ಹೆಸರು ಮಹಾದೇವ. ಶಾಸನದಲ್ಲಿ ಅದನ್ನು 'ದೇವಾಲಯ ಚಕ್ರವರ್ತಿ' ಅಂದಿದ್ದಾರೆ. ಈ ಬಿರುದೆಲ್ಲ ನನಗೆ ಆಮೇಲೆ ಗೊತ್ತಾಗಿದ್ದು. ಮೊದಲು ಹಿಡಿದು ನಿಲ್ಲಿಸಿದ್ದು ಒಂದು ಕಂಬ.

ಬಳಪದ ಕಲ್ಲಿನ ಕಂಬ, ತಿರುಗಣಿಯಲ್ಲಿ ತಿರುಗಿಸಿ ತಿರುಗಿಸಿ ಕಡೆದದ್ದು. ಅದರ ಸುತ್ತ ಬಳೆಯ ಹಾಗೆ ಗೀರುಗಳಿವೆ. ಒಂದು ಗೀರಿನಲ್ಲಿ ಉಗುರು ಇಟ್ಟು ಕಂಬವನ್ನು ಸುತ್ತು ಹಾಕಿ. ಹೊರಟ ಜಾಗಕ್ಕೇ ಉಗುರು ಬಂದು ಸೇರುತ್ತದೆ, ಎಲ್ಲೂ ಎಡವುವುದಿಲ್ಲ. ನಮ್ಮ ಮನೆಯ ಟೈಲ್ಸ್ ಹಾಕಿದ ಮೇಸ್ತ್ರಿ ನಾಲ್ಕು ಮೂಲೆ ಸೇರಿಸಲು ಆಗದೆ ಸಿಮೆಂಟ್ ಮೆತ್ತಿ ಹೋಗಿದ್ದಾನೆ. ಹೊರಗೆ ಮೇ ತಿಂಗಳ ಬಿಸಿಲು, ಕಂಬ ಮಾತ್ರ ಮಡಕೆಯ ಹಾಗೆ ತಣ್ಣಗೆ. ಅಲ್ಲೇ ಬೆನ್ನು ಕೊಟ್ಟು ಒಂದು ತಾಸು ಕೂತಿದ್ದೆ. ಫೋನ್ ನೋಡಲಿಲ್ಲ.

ಮನೆಯವಳು ಹೇಳುತ್ತಾಳೆ, 'ನೀವು ಗುಡಿ ನೋಡೋಕೆ ಹೋಗ್ತಿಲ್ಲ, ಇವರನ್ನೆಲ್ಲ ನೋಡೋಕಾಗದೆ ಓಡಿ ಹೋಗ್ತಿದ್ದೀರಿ.' ನಿಮಗೇನನಿಸುತ್ತದೆ? ಈ ಕಡೆಯವರು ಯಾರಾದರೂ ಹೀಗೆ ಮಾಡುತ್ತೀರಾ?

ಬಿಸಿಲು ಬಳ್ಳಾರಿ:

ಮಾಡುತ್ತೇನೆ ಸರ್. ನೀವು ಇಟಗಿಗೆ, ನಾನು ಸಂಗನಕಲ್ಲಿಗೆ. ಬಳ್ಳಾರಿಯವರಿಗೆ ರಾಜಕೀಯದ ಬೇಜಾರಿನ ಬಗ್ಗೆ ಪಾಠ ಬೇಡ ಬಿಡಿ, ಅಕ್ರಮ ಗಣಿಗಾರಿಕೆ ಮೇಲಿನ 2011ರ ಲೋಕಾಯುಕ್ತ ವರದಿ ಓದಿಕೊಂಡೇ ದೊಡ್ಡವರಾದ ತಲೆಮಾರು ನಮ್ಮದು. ನಾನು ಕಾಲೇಜಿಗೆ ಹೋಗುವಾಗ ಅದಿರು ಲಾರಿಗಳ ಸಾಲು ಎಷ್ಟಿರುತ್ತಿತ್ತೆಂದರೆ ಬಿಳಿ ಅಂಗಿ ಹಾಕುವುದನ್ನೇ ಬಿಟ್ಟಿದ್ದೆವು. ಅದೇ ಗಣಿಗಾರಿಕೆಯ ಗಲಾಟೆಯಲ್ಲಿ 2006ರಲ್ಲಿ ಆಂಧ್ರದ ಗಡಿಯ ಸುಗ್ಗಲಮ್ಮನ ಗುಡಿಯನ್ನೇ ಒಡೆದು ಹಾಕಿದರು. ದೇವರಿಗೇ ಆ ಗತಿ.

ಸಿಂಧನೂರು ಭತ್ತ:

ಕೋಪ ಮಾಡಿಕೊಳ್ಳಬೇಡಿ, ಆದರೆ ಇದೆಲ್ಲ ಹೊಟ್ಟೆ ತುಂಬಿದವರ ಮಾತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಕೊಂಡು ಹೋಯಿತಲ್ಲ, ಅವತ್ತು ನಾವು ಮಲಗಲಿಲ್ಲ. ನಾಟಿ ಮಾಡಿದ ಗದ್ದೆ, ಸಾಲ ತಂದು ಹಾಕಿದ ಗೊಬ್ಬರ. ಚೈನು ಕಡಿದು ಹೋಯಿತಂತೆ! ಅಷ್ಟು ದೊಡ್ಡ ಅಣೆಕಟ್ಟಿನ ಚೈನನ್ನು ಯಾರೂ ನೋಡಿಕೊಳ್ಳುತ್ತಿರಲಿಲ್ಲವಾ? ಆಮೇಲೆ ವಾರದೊಳಗೆ ತಾತ್ಕಾಲಿಕ ಗೇಟು ಕೂರಿಸಿದರು, ಅದನ್ನು ಒಪ್ಪುತ್ತೇನೆ, ಹರಿಯುವ ನೀರಲ್ಲಿ ಆ ಕೆಲಸ ಮಾಡಿದ ಕೈಗಳಿಗೆ ನಮಸ್ಕಾರ. ಆದರೆ ಕಾಲುವೆಯ ಕೊನೆಯ ಭಾಗಕ್ಕೆ ನೀರು ಬಾರದ್ದು ಇವತ್ತು ನಿನ್ನೆಯ ಕಥೆಯಲ್ಲ. ನೀವು ಕಂಬಕ್ಕೆ ಬೆನ್ನು ಕೊಟ್ಟು ಕೂತರೆ ನಮ್ಮ ಹೊಲಕ್ಕೆ ನೀರು ಬರುತ್ತದಾ? ಹದಿನೆಂಟು ವರ್ಷ ದುಡಿದ ನಿಮ್ಮಂಥವರೇ ಮನೆ ಸೇರಿದರೆ ಕೇಳುವವರು ಯಾರು?

ಇಟಗಿ ದಾರಿ:

ಅಣ್ಣಾ, ನಿಮ್ಮ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ನಮ್ಮ ಮನೆಯವಳೂ ಇದನ್ನೇ ಹೇಳಿದ್ದು, ಸ್ವಲ್ಪ ಮೆತ್ತಗೆ.

ಹಳೇ ನಾಣ್ಯ (ಗಂಗಾವತಿ):

ಅದಕ್ಕೇ ನಾನು ಹೇಳುವುದು, ರಾಜರ ಕಾಲವೇ ಚೆನ್ನಾಗಿತ್ತು. ಹಂಪಿ ಬಜಾರಿನಲ್ಲಿ ಮುತ್ತು ರತ್ನ ಸೇರಿನಲ್ಲಿ ಅಳೆದು ಮಾರುತ್ತಿದ್ದರು. ಕೊಟ್ಟ ಮಾತಿಗೆ ಬೆಲೆ ಇತ್ತು. ಈಗ ಬೆಳಿಗ್ಗೆ ಒಂದು ಪಕ್ಷ, ಸಂಜೆ ಒಂದು ಪಕ್ಷ. ವೋಟು ಹಾಕುವುದೇ ವೇಸ್ಟ್.

ಕೋಟೆ ಓಣಿ (ರಾಯಚೂರು):

ಹಳೇ ನಾಣ್ಯದವರೇ, ಸ್ವಲ್ಪ ತಡೆಯಿರಿ. ಇಟಗಿ ಗುಡಿ ಎದ್ದದ್ದು ಯಾರ ಆಳ್ವಿಕೆಯಲ್ಲಿ? ಆರನೇ ವಿಕ್ರಮಾದಿತ್ಯ. ಆತ ಪಟ್ಟಕ್ಕೆ ಬಂದದ್ದು ಹೇಗೆ ಗೊತ್ತಾ? 1076ರಲ್ಲಿ ಸ್ವಂತ ಅಣ್ಣ ಎರಡನೇ ಸೋಮೇಶ್ವರನನ್ನು ಕೆಳಗಿಳಿಸಿ. ಆಮೇಲೆ ಅದು ತಪ್ಪಲ್ಲ ಅಂತ ಊರಿಗೆಲ್ಲ ಹೇಳಬೇಕಲ್ವಾ? ಕಾಶ್ಮೀರದಿಂದ ಬಂದ ಬಿಲ್ಹಣ ಎಂಬ ಕವಿ ಆಸ್ಥಾನದಲ್ಲಿದ್ದ. ವಿಕ್ರಮಾಂಕದೇವಚರಿತ ಅಂತ ದೊಡ್ಡ ಸಂಸ್ಕೃತ ಕಾವ್ಯ ಬರೆದ. ಅದರ ಪ್ರಕಾರ ನಮ್ಮ ವಿಕ್ರಮನಿಗೆ ಸಿಂಹಾಸನದ ಆಸೆಯೇ ಇರಲಿಲ್ಲ, ಅಣ್ಣನ ಮೇಲೆ ಕೈ ಎತ್ತಲು ಮನಸ್ಸಿರಲಿಲ್ಲ, ಶಿವನೇ ಹೇಳಿದ್ದಕ್ಕೆ ಯುದ್ಧಕ್ಕೆ ನಿಂತನಂತೆ. ಈಗಿನವರು 'ಕಾರ್ಯಕರ್ತರ ಒತ್ತಾಯಕ್ಕೆ ಮಣಿದು' ಅನ್ನುತ್ತಾರೆ. ಅಷ್ಟೇ ವ್ಯತ್ಯಾಸ.

ಇನ್ನು ನಮ್ಮೂರು. ಕೃಷ್ಣಾ ತುಂಗಭದ್ರೆ ನಡುವಿನ ಈ ದೋ ಆಬ್ ನೆಲಕ್ಕೆ ಎಷ್ಟು ಮನೆತನ ಕಚ್ಚಾಡಿದವು ಅಂದರೆ, ಲೆಕ್ಕ ಇಟ್ಟವರಿಗೇ ಸುಸ್ತು. 1520ರಲ್ಲಿ ಕೃಷ್ಣದೇವರಾಯ ಇಸ್ಮಾಯಿಲ್ ಆದಿಲ್ ಶಾಹನನ್ನು ಸೋಲಿಸಿ ರಾಯಚೂರು ಹಿಡಿದ. ಆ ಯುದ್ಧದ ಬಗ್ಗೆ ಬರೆದ ನೂನಿಜ್ ಎಂಬ ಪೋರ್ಚುಗೀಸ್ ಕುದುರೆ ವ್ಯಾಪಾರಿ ರಾಯನ ಕಾಲಾಳುಗಳ ಲೆಕ್ಕ ಏಳು ಲಕ್ಷ ದಾಟಿಸುತ್ತಾನೆ. ಸಮಾವೇಶಕ್ಕೆ ಬಂದ ಜನರ ಲೆಕ್ಕ ಹೇಳುವವರಿಗೆ ಆತನೇ ಗುರು ಇರಬೇಕು. ಗೆದ್ದ ರಾಯ ಏನು ಕೇಳಿದ ಅಂತಲೂ ಬರೆದಿದ್ದಾನೆ: ಆದಿಲ್ ಶಾಹ ಬಂದು ನನ್ನ ಕಾಲಿಗೆ ಮುತ್ತಿಡಲಿ, ಕೋಟೆ ವಾಪಸ್ ಕೊಡುತ್ತೇನೆ. ಶಾಹ ಬರಲಿಲ್ಲ. ಈ ಹಟದಲ್ಲಿ ಮತ್ತೆ ದಂಡು ಹೊರಟಿತು, ಮತ್ತೆ ಯಾರದೋ ಹೊಲ ತುಳಿದರು. ಮುತ್ತು ಸೇರಲ್ಲಿ ಅಳೆದರೋ ಇಲ್ಲವೋ, ಹೊಲ ತುಳಿದದ್ದಂತೂ ಖರೆ.

ಹಳೇ ನಾಣ್ಯ:

ಎಲ್ಲದಕ್ಕೂ ಕೊಂಕು ತೆಗೆದರೆ ಏನು ಹೇಳೋದು. ಆಗ ಕಟ್ಟಿದ್ದು ಸಾವಿರ ವರ್ಷ ನಿಂತಿದೆ, ಈಗ ಹಾಕಿದ ರಸ್ತೆ ಒಂದು ಮಳೆಗೆ ಹೋಗುತ್ತದೆ. ಇದಕ್ಕೇನು ಹೇಳುತ್ತೀರಿ?

ಕೋಟೆ ಓಣಿ:

ಅದಕ್ಕೆ ತಲೆ ಬಾಗಿಸುತ್ತೇನೆ. ರಸ್ತೆ ವಿಷಯದಲ್ಲಿ ನಿಮ್ಮ ಜೊತೆ ನಾನೂ ಇದ್ದೇನೆ. ಬಸ್ ಸ್ಟ್ಯಾಂಡ್‌ನಿಂದ ನಮ್ಮ ಓಣಿಗೆ ಬಂದು ನೋಡಿ.

ಮಸ್ಕಿ ಹುಡುಗ:

ರಾಜರ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ. ನಮ್ಮೂರಿನ ಗುಡ್ಡದ ಬಂಡೆ ಮೇಲೆ ಅಶೋಕನ ಶಾಸನ ಇದೆ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್ ಕಣ್ಣಿಗೆ ಬಿತ್ತು. ಅಲ್ಲಿಯ ತನಕ ದೇಶದ ತುಂಬ ಸಿಕ್ಕ ಶಾಸನಗಳಲ್ಲಿ 'ದೇವಾನಾಂಪ್ರಿಯ ಪ್ರಿಯದರ್ಶಿ' ಅಂತಷ್ಟೇ ಇತ್ತು. ಅವನೇ ಅಶೋಕ ಅಂತ ಸಿಂಹಳದ ಗ್ರಂಥಗಳ ಸಹಾಯದಿಂದ ವಿದ್ವಾಂಸರು ಹೇಳುತ್ತಿದ್ದರು. ಮಸ್ಕಿ ಬಂಡೆ ಮೇಲೆ 'ಅಸೋಕಸ' ಅಂತ ಹೆಸರೇ ಸಿಕ್ಕಿತು, ವಾದ ಮುಗಿಯಿತು. ಆಮೇಲೆ ಬಳ್ಳಾರಿ ಸೀಮೆಯ ನಿಟ್ಟೂರು, ಉದೆಗೋಳದಲ್ಲೂ ಹೆಸರು ಸಿಕ್ಕಿದೆ. ಚಿಕ್ಕಂದಿನಲ್ಲಿ ನಾವು ಆ ಬಂಡೆ ಹತ್ತಿರ ಗೋಲಿ ಆಡುತ್ತಿದ್ದೆವು. ಮಾಸ್ತರರು ಹೇಳುವ ತನಕ ಅದು ಬರೀ ಬಂಡೆ.

ನನಗೆ ಅಶೋಕ ಅಂದರೆ ತುಂಬ ಇಷ್ಟ. ಕಳಿಂಗದಲ್ಲಿ ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಹಿಡಿದು ಸಾಗಿಸಿದರು, ಅದಕ್ಕೆ ನನಗೆ ದುಃಖವಾಗಿದೆ ಅಂತ ಕಲ್ಲಿನಲ್ಲಿ ಬರೆಸಿದ ರಾಜ. ಯಾವ ನಾಯಕ ಹೀಗೆ ಒಪ್ಪಿಕೊಳ್ಳುತ್ತಾನೆ? ಆದರೆ ಡಿಗ್ರಿಯಲ್ಲಿ ಇನ್ನೊಂದು ವಿಷಯ ಗೊತ್ತಾಯಿತು. ಆ ಹದಿಮೂರನೇ ಶಾಸನವನ್ನು ಬೇರೆ ಕಡೆಗಳಲ್ಲಿ ಕೆತ್ತಿಸಿದ. ಕಳಿಂಗದೊಳಗಿನ ಧೌಲಿ, ಜೌಗಡದಲ್ಲಿ ಕೆತ್ತಿಸಲಿಲ್ಲ. ಅಲ್ಲಿ ಆ ಜಾಗಕ್ಕೆ ಬೇರೆ ಶಾಸನ ಹಾಕಿಸಿದ, ಎಲ್ಲ ಪ್ರಜೆಗಳೂ ನನ್ನ ಮಕ್ಕಳು ಅಂತ. ಏಟು ತಿಂದವರ ಮುಂದೆ ಮಾತ್ರ ಕ್ಷಮೆಯ ಮಾತಿಲ್ಲ!

ಆವತ್ತು ಬಹಳ ಬೇಜಾರಾಗಿತ್ತು. ಈಗ ಅನಿಸುತ್ತದೆ, ಅವನೂ ರಾಜಕಾರಣಿಯೇ. ಅದನ್ನು ತಿಳಿದ ಮೇಲೂ ಬಂಡೆ ಹತ್ತಿರ ಹೋಗುವುದು ಬಿಟ್ಟಿಲ್ಲ. ನಮ್ಮೂರ ಶಾಸನದಲ್ಲಿ ಒಂದು ಮಾತಿದೆ: ದೊಡ್ಡವರು ಮಾತ್ರವಲ್ಲ, ಸಣ್ಣವನೂ ಇದನ್ನು ಸಾಧಿಸಬಹುದು. ಆ ಸಾಲು ಇನ್ನೂ ಇಷ್ಟ.

ಬಿಸಿಲು ಬಳ್ಳಾರಿ:

ಇದು ನನಗೆ ಗೊತ್ತೇ ಇರಲಿಲ್ಲ ತಮ್ಮಾ. ಕೊಪ್ಪಳದಲ್ಲೂ ಎರಡಿವೆಯಲ್ಲ, ಗವಿಮಠದ್ದು ಮತ್ತು ಪಾಲ್ಕಿಗುಂಡಿನದು?

ಇಟಗಿ ದಾರಿ:

ಹೌದು. ಜಾತ್ರೆಗೆ ಗವಿಮಠಕ್ಕೆ ಬರುವ ಲಕ್ಷಗಟ್ಟಲೆ ಜನರಲ್ಲಿ ಆ ಕಡೆ ತಿರುಗುವವರು ಕಡಿಮೆ. ನಾನೂ ನಲವತ್ತು ದಾಟಿದ ಮೇಲೆಯೇ ನೋಡಿದ್ದು. ಕವಿರಾಜಮಾರ್ಗದಲ್ಲಿ ಕನ್ನಡದ ತಿರುಳು ಇರುವ ನಾಡು ಅಂತ ನಾಲ್ಕು ಊರು ಹೇಳುತ್ತಾರಲ್ಲ, ಅದರಲ್ಲಿ ನಮ್ಮ ಕೊಪ್ಪಳವೂ ಒಂದು, 'ಮಹಾಕೋಪಣನಗರ'. ಬೆಂಗಳೂರಿನಲ್ಲಿ ಒಬ್ಬರು ನನ್ನ ಕನ್ನಡ ಕೇಳಿ ನಕ್ಕಿದ್ದರು. ಅವತ್ತು ಇದು ಗೊತ್ತಿದ್ದರೆ ಚೆನ್ನಾಗಿತ್ತು. ಇರಲಿ, ವಿಷಯ ಎಲ್ಲಿಗೋ ಹೋಯಿತು.

ಬೆಣಕಲ್ ಟೀಚರ್:

ತಡವಾಗಿ ಬರೆಯುತ್ತಿದ್ದೇನೆ, ಮೌಲ್ಯಮಾಪನದ ಕೆಲಸ ಇತ್ತು. ನಾನು ಗಂಗಾವತಿ ತಾಲ್ಲೂಕಿನ ಒಂದು ಶಾಲೆಯಲ್ಲಿ ಸಮಾಜ ಪಾಠ ಮಾಡುತ್ತೇನೆ. ಹೋದ ವರ್ಷ ಮಕ್ಕಳನ್ನು ಹಿರೇಬೆಣಕಲ್ ಗುಡ್ಡ ಹತ್ತಿಸಿದೆ. ಮೊರೇರ ಗುಡ್ಡ ಅಂತಾರಲ್ಲ, ಅದೇ. ಎರಡು ಸಾವಿರ ವರ್ಷಕ್ಕೂ ಹಳೆಯ ಕಲ್ಲಿನ ಗೋರಿಗಳು, ನಾನೂರಕ್ಕೂ ಜಾಸ್ತಿ. ದೊಡ್ಡ ದೊಡ್ಡ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೆ ಇನ್ನೊಂದು ಚಪ್ಪಡಿ ಮುಚ್ಚಿ, ಕೆಲವಕ್ಕೆ ಎದುರಿಗೆ ಒಂದು ದುಂಡನೆಯ ಕಿಂಡಿ. ಗಿಡ್ಡ ಜನ ಇದ್ದರು, ಅವರ ಮನೆಗಳಿವು ಅಂತ ನಮ್ಮ ಕಡೆ ಹಿರಿಯರು ಹೇಳುತ್ತಾರೆ.

ನಾನು ತಯಾರಿ ಮಾಡಿಕೊಂಡು ಹೋಗಿದ್ದೆ: ಬೃಹತ್ ಶಿಲಾಯುಗ, ಕಬ್ಬಿಣ, ಯುನೆಸ್ಕೋ ತಾತ್ಕಾಲಿಕ ಪಟ್ಟಿ 2021. ಮೇಲೆ ಹೋಗುವಷ್ಟರಲ್ಲಿ ಎಲ್ಲ ಮರೆತು ಹೋಯಿತು, ಏದುಸಿರು. ಆರನೇ ತರಗತಿಯ ಒಬ್ಬಳು ಹುಡುಗಿ ಒಂದು ಚಪ್ಪಡಿಯ ಕೆಳಗೆ ತೂರಿ ಕೂತಳು. ಅವಳ ಅಪ್ಪ ಅಮ್ಮ ಇಬ್ಬರೂ ಕಲ್ಲು ಕ್ವಾರಿಯಲ್ಲಿ ಕೂಲಿ. ಚಪ್ಪಡಿಯ ಅಂಚನ್ನು ಕೈಯಿಂದ ಸವರಿ ಕೇಳಿದಳು, 'ಟೀಚರ್, ಇದನ್ನ ಎತ್ತೋವಾಗ ಯಾರಿಗೂ ಏಟಾಗಲಿಲ್ಲವಾ?'

ಯಾವ ಪುಸ್ತಕದಲ್ಲೂ ಈ ಪ್ರಶ್ನೆ ಇಲ್ಲ. ಯಾವ ರಾಜ, ಯಾವ ಇಸವಿ, ಇದಷ್ಟನ್ನೇ ನಾವು ಪರೀಕ್ಷೆಯಲ್ಲಿ ಕೇಳುವುದು.

ಸಿಂಧನೂರು ಭತ್ತ:

ಟೀಚರ್, ಆ ಹುಡುಗಿಯನ್ನು ಚೆನ್ನಾಗಿ ಓದಿಸಿ.

ದೇವದುರ್ಗದವ, ಸದ್ಯ ಬೆಂಗಳೂರು:

ಎರಡು ದಿನದಿಂದ ಸುಮ್ನೆ ಓದುತ್ತಿದ್ದೆ. ಟೀಚರ್ ಮಾತು ಓದಿ ಬರೆಯೋಣ ಅನಿಸಿತು.

ನಮ್ಮ ಅಪ್ಪ ಅವ್ವ ಪ್ರತಿ ವರ್ಷ ಊರು ಬಿಟ್ಟು ಕೂಲಿಗೆ ಗುಳೆ ಬರುತ್ತಿದ್ದರು. ಗುಳೆ ಅಂದರೆ ಈ ಕಡೆಯವರಿಗೆ ಹೇಳಬೇಕಿಲ್ಲ. ಬೆಂಗಳೂರಿನಲ್ಲಿ ಎಷ್ಟೋ ಅಪಾರ್ಟ್‌ಮೆಂಟ್ ಕಟ್ಟಿದ್ದಾರೆ, ಒಂದರೊಳಗೂ ಈಗ ಬಿಡುವುದಿಲ್ಲ. ಗೇಟಿನಲ್ಲಿ 'ಯಾವೂರು? ಏನ್ ಕೆಲಸ?' ಅನ್ನುತ್ತಾರೆ. ಇಟಗಿ ದಾರಿ ಸರ್‌ಗೆ ಗೇಟಿನಲ್ಲಿ ಕೇಳಿದ ಪ್ರಶ್ನೆಯೇ. ನಿಮಗೆ ಹದಿನೆಂಟು ವರ್ಷದ ಮೇಲೆ ಒಂದು ಸಲ ಕೇಳಿದರು, ನಮಗೆ ದಿನಾ.

ಅದಕ್ಕೇ ನನಗೆ ಹಳೇ ಗುಡಿ ಹಳೇ ಕೋಟೆ ಅಂದರೆ ಅಷ್ಟಕ್ಕಷ್ಟೇ. ರಾಜ ಕಟ್ಟಿಸಿದ, ದಂಡನಾಯಕ ಕಟ್ಟಿಸಿದ ಅಂತ ಬೋರ್ಡ್ ಇರುತ್ತದೆ. ಕಟ್ಟಿದವರು ಯಾರು? ಅವರು ನಮ್ಮವರೇ. ಅವರ ಬೋರ್ಡ್ ಎಲ್ಲಿದೆ?

ಕೋಟೆ ಓಣಿ:

ತಮ್ಮಾ, ಇದೆ. ನಮ್ಮೂರ ಕೋಟೆ ಗೋಡೆಯಲ್ಲೇ ಇದೆ. ನೀನು ನೋಡಿರಲೂಬಹುದು, ಗಮನಿಸಿಲ್ಲ.

ರಾಯಚೂರು ಕೋಟೆಯ ಗೋಡೆಯಲ್ಲಿ ಒಂದೇ ಕಲ್ಲು, ಸುಮಾರು 41 ಅಡಿ ಉದ್ದ. ಅದರ ಮೇಲೆ ತೆಲುಗು ಶಾಸನ. 1294ರದ್ದು, ಕಾಕತೀಯರ ಕಾಲ. ಗೋರೆ ಗನ್ನಯ್ಯ ರೆಡ್ಡಿಯ ಕಡೆಯ ವಿಠಲ ಎಂಬ ಅಧಿಕಾರಿ ಕೋಟೆ ಕಟ್ಟಿಸಿದ್ದು, ಅದು ಇದು ಅಂತ. ಇದು ದೊಡ್ಡವರ ಬೋರ್ಡ್.

ಅದರ ಪಕ್ಕದಲ್ಲೇ ಒಂದು ಗೀರುಚಿತ್ರ ಇದೆ. ಇಷ್ಟುದ್ದದ ಆ ಕಲ್ಲನ್ನು ಹೇಗೆ ತಂದರು ಅಂತ ಯಾರೋ ಕೆತ್ತಿಟ್ಟಿದ್ದಾರೆ. ಕಡ್ಡಿ ಇಲ್ಲದ ಗಟ್ಟಿ ಗಾಲಿಯ ಬಂಡಿ. ಅದರ ಮೇಲೆ ಕಲ್ಲು. ಮುಂದೆ ಕೋಣಗಳ ಸಾಲು, ಉದ್ದಕ್ಕೆ ಹೋಗುತ್ತಲೇ ಇದೆ. ಅವನ್ನು ಹೊಡೆಯುವ ಆಳುಗಳು. ಹಿಂದೆ ಗಾಲಿಗೆ ಹಾರೆ ಕೊಟ್ಟು ಎತ್ತುವ ಆಳುಗಳು. ಗಾಲಿ ಹೂತಾಗ ನಾವು ಮಾಡುತ್ತೇವಲ್ಲ, ಅದೇ ರೀತಿ. ರಾಜನ ಚಿತ್ರ ಅಲ್ಲಿಲ್ಲ. ಹಾರೆ ಹಾಕಿದವನ ಚಿತ್ರ ಇದೆ, ಏಳು ನೂರು ವರ್ಷದಿಂದ ಹಾರೆ ಹಿಡಿದೇ ನಿಂತಿದ್ದಾನೆ.

ಹೆಸರಿಲ್ಲ, ಅದು ನಿಜ. ಆದರೆ ಕೆತ್ತಿದವನಿಗೆ ಆ ಕೆಲಸ ಕಣ್ಣಿಗೆ ಬಿದ್ದಿತ್ತು. ಅದು ಕೆತ್ತಬೇಕಾದ ವಿಷಯ ಅಂತ ಅನಿಸಿತ್ತು.

ದೇವದುರ್ಗದವ, ಸದ್ಯ ಬೆಂಗಳೂರು:

ಎಷ್ಟು ಸಲ ಆ ಬಸ್ ಸ್ಟ್ಯಾಂಡ್‌ನಲ್ಲಿ ಇಳಿದು ಬೇರೆ ಬಸ್ ಹತ್ತಿದ್ದೇನೋ. ಒಮ್ಮೆಯೂ ಆ ಕಡೆ ಹೋಗಿಲ್ಲ. ಮುಂದಿನ ವಾರ ಊರಿಗೆ ಬರುತ್ತಿದ್ದೇನೆ, ಅಪ್ಪನನ್ನೂ ಕರೆದುಕೊಂಡು ಹೋಗುತ್ತೇನೆ.

ಬಿಸಿಲು ಬಳ್ಳಾರಿ:

ನಾನು ಸಂಗನಕಲ್ಲಿಗೆ ಯಾಕೆ ಹೋಗುತ್ತೇನೆ ಅಂತ ಹೇಳಲೇ ಇಲ್ಲ. ಅಲ್ಲಿ ರಾಜನೂ ಇಲ್ಲ, ದಂಡನಾಯಕನೂ ಇಲ್ಲ. ಹೊಸ ಶಿಲಾಯುಗದವರು ಕಲ್ಲಿನ ಕೊಡಲಿ ಮಾಡುತ್ತಿದ್ದ ಜಾಗ. ನೆಲದ ತುಂಬ ಚಕ್ಕೆಗಳು. ಪಕ್ಕದ ಕಪ್ಪಗಲ್ಲು ಗುಡ್ಡದಲ್ಲಿ ಕಪ್ಪು ಬಂಡೆಗಳ ಮೇಲೆ ಕೊಂಬಿನ ಗೂಳಿಗಳನ್ನು ಕುಟ್ಟಿ ಕುಟ್ಟಿ ಬಿಡಿಸಿದ್ದಾರೆ. ಕೆಲವು ಬಂಡೆಗಳಲ್ಲಿ ಸಣ್ಣ ಬಟ್ಟಲಿನಂಥ ಗುಳಿಗಳಿವೆ. ಅಲ್ಲಿ ಸಣ್ಣ ಕಲ್ಲಿನಿಂದ ತಟ್ಟಿದರೆ ಠಣ್ ಅಂತ ಗಂಟೆಯ ಹಾಗೆ ಸದ್ದು. ಮೊದಲ ಸಲ ನಾನು ಹೆದರಿ ಹಿಂದೆ ಸರಿದೆ. ಸಾವಿರಾರು ವರ್ಷ ಹಿಂದೆ ಯಾರೋ ತಟ್ಟಿ ತಟ್ಟಿ ಆ ಗುಳಿ ಬಿದ್ದಿದೆ. ಕೊಡಲಿ ಮಾಡುವುದು ಬಿಟ್ಟು ಇವನು ಇಲ್ಲೇನು ಮಾಡುತ್ತಿದ್ದಾನೆ ಅಂತ ಅವನ ಹೆಂಡತಿಯೂ ಬೈದಿರಬಹುದು, ಇಟಗಿ ದಾರಿ ಸರ್ ಮನೆಯವರ ಹಾಗೆ.

ಬೇಜಾರಿನ ಸಂಗತಿ ಅಂದರೆ ಆ ಗುಡ್ಡಕ್ಕೂ ಕ್ವಾರಿಯ ಕಾಟ ತಪ್ಪಿಲ್ಲ. ಸಿಂಧನೂರಿನ ಅಣ್ಣ ಕೇಳಿದ್ದು ಸರಿ, ಗುಡಿ ನೋಡುವುದಕ್ಕೂ ಪ್ರಶ್ನೆ ಕೇಳುವುದಕ್ಕೂ ಜಗಳ ಯಾಕೆ? ನಾವು ನಾಲ್ಕು ಜನ ಸೇರಿ ಅರ್ಜಿ ಕೊಟ್ಟಿದ್ದೇವೆ. ಒಂದು ಕಚೇರಿಯವರು ಇನ್ನೊಂದು ಕಚೇರಿಗೆ ಹೋಗಿ ಅಂದರು. ಮೂರನೇ ಕಚೇರಿಯಲ್ಲಿ ಒಬ್ಬರು ಹೆಣ್ಣುಮಗಳು ಅರ್ಜಿ ಪೂರ್ತಿ ಓದಿದರು. ಅಷ್ಟಕ್ಕೇ ಖುಷಿಯಾಗಿ ಟೀ ಕುಡಿದು ಬಂದೆವು.

ಹಳೇ ನಾಣ್ಯ:

ನನ್ನ ಮಾತು ಸ್ವಲ್ಪ ಜಾಸ್ತಿ ಆಯಿತು ಅನಿಸುತ್ತದೆ. ಆದರೂ 2019ರಲ್ಲಿ ಹಂಪಿಯಲ್ಲಿ ಹುಡುಗರು ಕಂಬ ತಳ್ಳಿ ಬೀಳಿಸಿದ ವಿಡಿಯೋ ನೋಡಿ ಎಷ್ಟು ಸಿಟ್ಟು ಬಂದಿತ್ತು ಗೊತ್ತಾ? ಹಿಂದಿನವರ ಕಾಲವಾಗಿದ್ದರೆ ಕೈ ಕಡಿಯುತ್ತಿದ್ದರು.

ಕೋಟೆ ಓಣಿ:

ಈಗಿನವರ ಕಾಲದಲ್ಲಿ ಕೋರ್ಟು ತಲಾ 70 ಸಾವಿರ ದಂಡ ಹಾಕಿತು, ಅದೇ ಹುಡುಗರ ಕೈಯಿಂದ ಅದೇ ಕಂಬ ಎತ್ತಿ ನಿಲ್ಲಿಸಿತು. ಕೈ ಕಡಿದಿದ್ದರೆ ಕಂಬ ಎತ್ತುವವರು ಯಾರು ರೀ?

ಹಳೇ ನಾಣ್ಯ:

ಹ್ಹ, ಇದು ಒಪ್ಪಿದೆ.

ಇಟಗಿ ದಾರಿ:

ಹತ್ತು ದಿನ ಆಯಿತು, ಏನೂ ಬರೆದಿರಲಿಲ್ಲ. ನಿನ್ನೆ ಇಟಗಿ ಬಿಟ್ಟು ರಾಯಚೂರಿಗೆ ಹೋಗಿದ್ದೆ. ಕೋಟೆ ಓಣಿಯವರು ಕಾಯುತ್ತಿದ್ದರು, ದೇವದುರ್ಗದ ಹುಡುಗ ಅವರ ಅಪ್ಪನನ್ನು ಕರೆದುಕೊಂಡು ಬಂದಿದ್ದ.

ಚಿತ್ರ ಮಾಸಿದೆ. ಕೆರೆದ ಗೀರಿನ ಹಾಗೆ ತೆಳ್ಳಗಿದೆ, ಹುಡುಕಬೇಕು. ನಾವು ಮೂವರು ಮೊಬೈಲ್ ಟಾರ್ಚ್ ಹಿಡಿದು ಕೋಣ ಎಣಿಸಲು ನಿಂತೆವು, ಮೂವರದು ಮೂರು ಲೆಕ್ಕ. ಆ ಹಿರಿಯರು ಕೋಣದ ಕಡೆ ನೋಡಲೇ ಇಲ್ಲ. ನೆಟ್ಟಗೆ ಹಿಂದಿನ ಗಾಲಿ ಹತ್ತಿರ ಹೋದರು. ಹಾರೆ ಹಿಡಿದವನನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮಗನಿಗೆ ಹೇಳಿದರು, 'ಹಾರಿ ಹಿಂಗ ಹಾಕಿದ್ರ ಜಾರ್ತದ. ಕೆಳಗ ಒಂದು ಗುಂಡಕಲ್ಲು ಕೊಡಬೇಕು. ಕೊಟ್ಟಿರ್ತಾರ, ಇಲ್ಲಿ ತೆಗ್ದಿಲ್ಲ ಅಷ್ಟ.'

ಕೈಯಲ್ಲಿ ಗಾಳಿಯಲ್ಲೇ ಮಾಡಿ ತೋರಿಸಿದರು, ಹಾರೆ ಎಲ್ಲಿ ಇಡಬೇಕು, ಮೈ ಭಾರ ಯಾವ ಕಾಲಿನ ಮೇಲೆ ಬಿಡಬೇಕು ಅಂತ. ಪಕ್ಕದಲ್ಲಿ ಸೆಲ್ಫಿ ತೆಗೆದುಕೊಳ್ಳುತ್ತಿದ್ದ ಇಬ್ಬರು ಕಾಲೇಜು ಹುಡುಗರು ಫೋನ್ ಕೆಳಗಿಳಿಸಿ ನೋಡುತ್ತಾ ನಿಂತರು.

ಟೀಚರ್ ಮೇಡಂ, ಮಕ್ಕಳನ್ನು ಕರೆದುಕೊಂಡು ಬರುವುದಾದರೆ ಮೊದಲೇ ಹೇಳಿ. ಅವರೂ ಬರುತ್ತಾರಂತೆ. ಸಿಂಧನೂರಿನ ಅಣ್ಣಾ, ಕಾಲುವೆ ಕೊನೆಯ ಭಾಗದ ಅರ್ಜಿ ಬರೆಯುವುದಿದ್ದರೆ ನನಗೆ ಕಳಿಸಿ. ಹದಿನೆಂಟು ವರ್ಷ ಬೇರೆಯವರಿಗೆ ಅರ್ಜಿ ಬರೆದುಕೊಟ್ಟ ಕೈ, ಇನ್ನೂ ಓಡುತ್ತದೆ.

ಸಿಂಧನೂರು ಭತ್ತ:

ಕಳಿಸುತ್ತೇನೆ. ಸರ್ವೆ ನಂಬರ್ ಎಲ್ಲ ಸೇರಿಸಬೇಕಾ, ಊರಿನ ಹೆಸರು ಸಾಕಾ?